ಮುರುಗಲು: ನೆಡುವ ಮೊದಲೇ ಮರವನ್ನು ಆರಿಸಬೇಕು

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳಲ್ಲಿ ಮುರುಗಲನ್ನು ಅರಿಯದ ಮನೆ ಇರಲಾರದು. ಬೇಸಿಗೆಯಲ್ಲಿ ಬಂದ ನೆಂಟರಿಗೆ ಅದರ ಕೆಂಪು ಪಾನಕ, ಊಟಕ್ಕೆ ಅದರ ಸಾರು, ಒಡೆದ ಹಿಮ್ಮಡಿಗೆ ಅದರ ಬೀಜದ ತುಪ್ಪ, ಹೀಗೆ ವರ್ಷವಿಡೀ ಅದರ ಬಳಕೆ ಇದ್ದೇ ಇದೆ. ಆದರೆ ಈ ಮರವನ್ನು ಬುದ್ಧಿಪೂರ್ವಕವಾಗಿ ನೆಟ್ಟು ಬೆಳೆಸಿದವರು ಕಡಿಮೆ. ತೆಂಗು, ಅಡಿಕೆ, ಗೇರುಗಳಿಗೆ ಜಾಗ ಗುರುತಿಸಿ ಗುಂಡಿ ತೋಡುವ ರೈತರು ಮುರುಗಲನ್ನು ಮಾತ್ರ ಕಾಡಿಗೂ ಬೆಟ್ಟಕ್ಕೂ ಬಿಟ್ಟಿದ್ದಾರೆ. ತಾನಾಗಿ ಹುಟ್ಟಿದ ಮರ ಹಣ್ಣು ಬಿಟ್ಟರೆ ಆರಿಸಿ ತರುವುದು, ಬಿಡದಿದ್ದರೆ ಸೌದೆಗೆ ಕಡಿಯುವುದು ಇದುವರೆಗಿನ ರೂಢಿ.

ಇತ್ತೀಚಿನ ವರ್ಷಗಳಲ್ಲಿ ಹಿತ್ತಲಿನಲ್ಲಿ, ಅಂಗಳದ ಅಂಚಿನಲ್ಲಿ, ಗೇರು ಹಕ್ಕಲಿನ ಖಾಲಿ ಜಾಗದಲ್ಲಿ ಇದನ್ನು ನೆಡಬೇಕೆಂಬ ಆಸಕ್ತಿ ಮೂಡಿದೆ. ಆದರೆ ಹೀಗೆ ನೆಟ್ಟವರಲ್ಲಿ ಹಲವರು ಏಳೆಂಟು ವರ್ಷ ಕಾದು ನಿರಾಶರಾಗುವುದುಂಟು. ಗಿಡ ಸೊಂಪಾಗಿ ಬೆಳೆಯುತ್ತದೆ, ಹೂವೂ ಬಿಡುತ್ತದೆ, ಕಾಯಿ ಮಾತ್ರ ನಿಲ್ಲುವುದಿಲ್ಲ. ಇದಕ್ಕೆ ಗೊಬ್ಬರದ ಕೊರತೆಯಾಗಲಿ ರೋಗವಾಗಲಿ ಕಾರಣವಲ್ಲ. ಆ ಮರ ಗಂಡು.

ಮರದ ಪರಿಚಯ

ಮುರುಗಲಿನ ಸಸ್ಯಶಾಸ್ತ್ರೀಯ ಹೆಸರು ಗಾರ್ಸೀನಿಯ ಇಂಡಿಕ. ತುಳುನಾಡಿನಲ್ಲಿ ಇದು ಪುನರ್ಪುಳಿ, ಕೊಂಕಣಿಯವರಿಗೆ ಭಿರಂಡ, ಪೇಟೆಯಲ್ಲಿ ಕೋಕಂ. ಪಶ್ಚಿಮ ಘಟ್ಟದ ಇಳುಕಲು ಮತ್ತು ಅದರ ಕೆಳಗಿನ ಕರಾವಳಿ ಇದರ ತವರು. ಉಪ್ಪಾಗೆ ಇದೇ ಕುಲಕ್ಕೆ ಸೇರಿದ್ದು. ಉಪ್ಪಾಗೆಯ ಹಣ್ಣಿಗೆ ಕುಂಬಳಕಾಯಿಯಂತೆ ಏಣುಗಳಿದ್ದು ಮಾಗಿದಾಗ ಹಳದಿಯಾಗುತ್ತದೆ. ಮುರುಗಲಿನ ಹಣ್ಣು ನುಣುಪಾಗಿ ದುಂಡಗಿದ್ದು, ಮೊದಲು ಕೆಂಪಾಗಿ ಆಮೇಲೆ ಕಪ್ಪು ಮಿಶ್ರಿತ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಶಿರಸಿ, ಸಿದ್ದಾಪುರದ ಕಡೆ ಹಣ್ಣಾದರೂ ಕೆಂಪಾಗದ ಬಿಳಿ ಮುರುಗಲು ಕೂಡ ಇದೆ. ಅದರ ಹುಳಿ ಚೆನ್ನಾಗಿದ್ದರೂ ಪಾನಕಕ್ಕೆ ಬಣ್ಣ ಬರುವುದಿಲ್ಲ.

ಅಂದಕ್ಕಾಗಿ ಮನೆಯ ಮುಂದೆ ವಿದೇಶೀ ಗಿಡಗಳನ್ನು ಹಣ ಕೊಟ್ಟು ತರುವವರು ಈ ಮರವನ್ನು ಒಮ್ಮೆ ಗಮನವಿಟ್ಟು ನೋಡಬೇಕು. ನೆಟ್ಟಗೆ ಏರುವ ಒಂದೇ ಕಾಂಡ, ಅದರ ಸುತ್ತ ಕೆಳಮುಖವಾಗಿ ಬಾಗಿದ ತೆಳ್ಳನೆಯ ಕೊಂಬೆಗಳು, ಒಟ್ಟಿನಲ್ಲಿ ಗೋಪುರದ ಆಕಾರ. ಎಲೆ ಮೇಲೆ ಹೊಳೆಯುವ ಕಡು ಹಸಿರು. ಶೀತ ದೇಶಗಳ ಹಿತ್ತಲ ಮರಗಳಲ್ಲಿ ಎಲೆ ಉದುರುವ ಮುನ್ನ ಬಣ್ಣ ಏರುತ್ತದೆ. ಎಲೆಯುದುರದ ಈ ಮರದಲ್ಲಿ ಬಣ್ಣ ಬರುವುದು ಚಿಗುರಿಗೆ. ಹೊಸ ಚಿಗುರೊಡೆದಾಗ ಕೊಂಬೆಗಳ ತುದಿಯೆಲ್ಲ ಕೆಂಪಾಗಿ, ದೂರದಿಂದ ನೋಡುವವರಿಗೆ ಮರ ಹೂಬಿಟ್ಟಂತೆ ಕಾಣುತ್ತದೆ. ಮುಂದೆ ಬೇಸಿಗೆಯಲ್ಲಿ ಹಣ್ಣಿನ ಬಣ್ಣ ಬೇರೆ. ವರ್ಷವಿಡೀ ನೆರಳು ಕೊಡುವ, ಅಂಗಳವನ್ನು ಒಮ್ಮೆಲೇ ತರಗೆಲೆಯಿಂದ ತುಂಬಿಸದ ಇಂಥ ಮರ ಮನೆಯ ಸಮೀಪ ಇರುವುದು ಎಲ್ಲ ರೀತಿಯಿಂದಲೂ ಅನುಕೂಲ.

ಮಣ್ಣು ಮತ್ತು ಹವಾಗುಣದ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸಿನ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಈ ಮೂರೂ ತಾಲ್ಲೂಕುಗಳು ಇದರ ಸ್ವಂತ ನೆಲ. ಚಿರೇಕಲ್ಲಿನ ಕೆಂಪು ಮಣ್ಣಿನಲ್ಲೂ ಬರುತ್ತದೆ, ಹೊಳೆಯ ದಂಡೆಯ ಮೆಕ್ಕಲು ಮಣ್ಣಿನಲ್ಲಿ ಇನ್ನೂ ಚೆನ್ನಾಗಿ ಬರುತ್ತದೆ. ಮಳೆಗಾಲದಲ್ಲಿ ನೀರು ನಿಂತು ಕೊಳೆಯುವ ಗದ್ದೆಯ ಬದಿ ಮಾತ್ರ ಬೇಡ.

ಗಂಡು ಮರ, ಹೆಣ್ಣು ಮರ

ಮುರುಗಲಿನಲ್ಲಿ ಗಂಡು ಹೂ ಒಂದು ಮರದಲ್ಲಿ, ಹೆಣ್ಣು ಹೂ ಇನ್ನೊಂದು ಮರದಲ್ಲಿ ಬಿಡುತ್ತದೆ. ಎರಡೂ ಬಗೆಯ ಹೂಗಳಿರುವ ಮರಗಳು ಅಲ್ಲೊಂದು ಇಲ್ಲೊಂದು ಸಿಗುತ್ತವೆಯಾದರೂ ಅವನ್ನು ನೆಚ್ಚಿಕೊಳ್ಳುವಂತಿಲ್ಲ. ಬೀಜದಿಂದ ಎಬ್ಬಿಸಿದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡಾಗುತ್ತವೆ. ಸಸಿಯನ್ನು ನೋಡಿ ಇದು ಗಂಡು, ಇದು ಹೆಣ್ಣು ಎಂದು ಹೇಳಲು ಸಾಧ್ಯವಿಲ್ಲ. ಎಲೆ ಅಗಲವಾಗಿದ್ದರೆ ಹೆಣ್ಣು, ಕಿರಿದಾಗಿದ್ದರೆ ಗಂಡು ಎಂಬಂಥ ಮಾತುಗಳನ್ನು ನಂಬಿ ಸಸಿ ಕೊಳ್ಳಬಾರದು. ಹೂ ಬಿಡುವವರೆಗೆ ಕಾಯಲೇಬೇಕು, ಮತ್ತು ಬೀಜದ ಗಿಡ ಹೂ ಬಿಡಲು ಏಳೆಂಟು ವರ್ಷ ಬೇಕು. ಹಿತ್ತಲಿನಲ್ಲಿ ಒಂದೇ ಗಿಡಕ್ಕೆ ಜಾಗವಿರುವ ಮನೆಯವರಿಗೆ ಇದು ಜೂಜಾಟವೇ ಸರಿ. ಇಪ್ಪತ್ತು ಗಿಡ ನೆಟ್ಟ ರೈತನಿಗೂ ಅಷ್ಟು ವರ್ಷಗಳ ಆರೈಕೆಯ ನಂತರ ಹತ್ತು ಮರಗಳಷ್ಟೇ ಉಳಿದಂತೆ.

ಹೂವಿನಲ್ಲಿ ವ್ಯತ್ಯಾಸ ಸ್ಪಷ್ಟವಾಗಿದೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಹೂ ಬಿಡುವ ಕಾಲ. ಗಂಡು ಮರದಲ್ಲಿ ಹೂಗಳು ಗೊಂಚಲಾಗಿ ಬರುತ್ತವೆ. ಹೂವಿನ ನಡುವೆ ಕೇಸರಗಳು ಒತ್ತಾಗಿ ಗುಂಪುಗೂಡಿರುತ್ತವೆ. ಹೆಣ್ಣು ಮರದಲ್ಲಿ ಹೂ ಒಂಟಿಯಾಗಿ ಅಥವಾ ಎರಡು ಮೂರು ಒಟ್ಟಿಗೆ ಇದ್ದು, ಎಸಳುಗಳ ನಡುವೆ ಗುಂಡಗಿನ ಹಸಿರು ಪೀಚು ಆಗಲೇ ಕಣ್ಣಿಗೆ ಕಾಣುತ್ತದೆ. ಕೈಗೆಟಕುವ ಕೊಂಬೆಯನ್ನು ಬಗ್ಗಿಸಿ ನಾಲ್ಕು ಹೂ ಬಿಡಿಸಿ ನೋಡಿದರೆ ಸಾಕು, ಅನುಮಾನ ಉಳಿಯುವುದಿಲ್ಲ. ಬೆಟ್ಟದಲ್ಲಿ ಮುರುಗಲು ಮರಗಳಿರುವವರು ಈ ತಿಂಗಳುಗಳಲ್ಲಿ ಒಮ್ಮೆ ತಿರುಗಾಡಿ, ಹೆಣ್ಣು ಮರಗಳಿಗೆ ಒಂದು ಬಣ್ಣ, ಗಂಡು ಮರಗಳಿಗೆ ಇನ್ನೊಂದು ಬಣ್ಣ ಬಳಿದು ಗುರುತು ಮಾಡಿಟ್ಟುಕೊಳ್ಳಬೇಕು. ಗಂಡು ಮರವನ್ನು ನಿರುಪಯೋಗಿಯೆಂದು ಪೂರ್ತಿ ಕಡಿದು ಹಾಕುವುದೂ ತಪ್ಪು. ಹತ್ತು ಹೆಣ್ಣಿಗೆ ಒಂದು ಗಂಡು ಸುತ್ತಮುತ್ತ ಇರಲೇಬೇಕು.

ಮಳೆಗೆ ಮುನ್ನ ಮಾಗುವ ಮರ

ಹೆಣ್ಣು ಮರ ಸಿಕ್ಕಿತೆಂದ ಮಾತ್ರಕ್ಕೆ ಆಯ್ಕೆ ಮುಗಿಯಲಿಲ್ಲ. ಈ ಕರಾವಳಿಯ ಮಟ್ಟಿಗೆ ಹಣ್ಣು ಯಾವಾಗ ಮಾಗುತ್ತದೆ ಎಂಬುದು ಎಷ್ಟು ಹಣ್ಣು ಬಿಡುತ್ತದೆ ಎಂಬುದಕ್ಕಿಂತಲೂ ಮುಖ್ಯವೆಂದರೆ ತಪ್ಪಾಗದು. ಕೊಯ್ಲು ಏಪ್ರಿಲ್‌ನಲ್ಲಿ ಆರಂಭವಾಗಿ ಜೂನ್‌ವರೆಗೂ ನಡೆಯುತ್ತದೆ. ರೋಹಿಣಿ ಮಳೆ ಕಳೆದು ಮೃಗಶಿರ ಹಿಡಿಯಿತೆಂದರೆ ಬಿಸಿಲಿನ ಮಾತೇ ಇಲ್ಲ. ಆ ಹೊತ್ತಿಗೆ ಮರದಲ್ಲಿರುವ ಹಣ್ಣು ನೀರು ಕುಡಿದು ಒಡೆಯುತ್ತದೆ, ನೆಲಕ್ಕೆ ಬಿದ್ದದ್ದು ಕೊಳೆಯುತ್ತದೆ, ಮನೆಗೆ ತಂದ ಸಿಪ್ಪೆಗೆ ಬೂಸ್ಟು ಹಿಡಿಯುತ್ತದೆ. ಒಳ್ಳೆಯ ಫಸಲಿನ ಮರವೊಂದು ಮೇ ಕೊನೆಯಲ್ಲಿ ಮಾಗತೊಡಗಿದರೆ ಅದರ ಅರ್ಧಕ್ಕೂ ಹೆಚ್ಚು ಹಣ್ಣು ಮಳೆಯ ಪಾಲಾದೀತು.

ಆದ್ದರಿಂದ ಕಸಿಗೆ ಕೊಂಬೆ ತೆಗೆಯುವ ತಾಯಿಮರವನ್ನು ಹೂವಿನ ಕಾಲದಲ್ಲಿ ಒಮ್ಮೆ, ಹಣ್ಣಿನ ಕಾಲದಲ್ಲಿ ಒಮ್ಮೆ ನೋಡಬೇಕು. ಮೇ ತಿಂಗಳ ನಡುವಿನ ಹೊತ್ತಿಗೆ ಬಹುಪಾಲು ಹಣ್ಣು ಕೊಟ್ಟು ಮುಗಿಸುವ, ಸಿಪ್ಪೆ ದಪ್ಪವಾಗಿರುವ, ಬಣ್ಣ ಗಾಢವಾಗಿರುವ, ಒಂದು ವರ್ಷ ಬಿಟ್ಟು ಇನ್ನೊಂದು ವರ್ಷ ಕೈಕೊಡದ ಮರವೇ ತಾಯಿಮರಕ್ಕೆ ಯೋಗ್ಯ. ಕನಿಷ್ಠ ಎರಡು ಮೂರು ವರ್ಷ ಗಮನಿಸಿ ನಿರ್ಧರಿಸುವುದು ಲೇಸು. ಊರಿನ ಹಿರಿಯ ಹೆಂಗಸರಿಗೆ ಯಾವ ಮರದ ಹಣ್ಣು ಯಾವಾಗ ಬೀಳುತ್ತದೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ಕೇಳದೆ ಮರ ಹುಡುಕಲು ಹೊರಡುವುದು ಸುಮ್ಮನೆ ಕಾಲಹರಣ.

ಮಹಾರಾಷ್ಟ್ರದ ದಾಪೋಲಿಯಲ್ಲಿರುವ ಕೊಂಕಣ ಕೃಷಿ ವಿದ್ಯಾಪೀಠವು ಹೀಗೆಯೇ ಮರಗಳನ್ನು ಆರಿಸಿ ಎರಡು ತಳಿಗಳನ್ನು ಬಿಡುಗಡೆ ಮಾಡಿದೆ. 1997ರಲ್ಲಿ ಬಂದ ಕೊಂಕಣ ಅಮೃತಾ ಮಳೆಗೆ ಮುನ್ನ ಕೊಯ್ಲಿಗೆ ಬರುವ ಗುಣಕ್ಕೆ ಹೆಸರಾಗಿದೆ. 2006ರ ಕೊಂಕಣ ಹಾತಿಸ್ ದೊಡ್ಡ ಗಾತ್ರದ ಹಣ್ಣಿನದು. ಈ ತಳಿಗಳ ಕಸಿಗಿಡ ಸಿಕ್ಕಿದರೆ ನೆಡಬಹುದು. ಆದರೆ ತಮ್ಮದೇ ಊರಿನ ಮಳೆಯನ್ನು ಹತ್ತಾರು ವರ್ಷ ಕಂಡ ಒಳ್ಳೆಯ ಮರವಿದ್ದಲ್ಲಿ ಅದನ್ನು ಬಿಟ್ಟು ದೂರ ಹೋಗಬೇಕಾದ ಅಗತ್ಯವಿಲ್ಲ.

ಕಸಿ ಮಾಡುವ ಕ್ರಮ

ಮುರುಗಲಿಗೆ ಮೃದುಕಾಂಡ ಕಸಿ ಚೆನ್ನಾಗಿ ಒಗ್ಗುತ್ತದೆ. ಕಸಿಗಿಡಕ್ಕೆ ತಾಯಿಮರದ್ದೇ ಲಿಂಗ, ತಾಯಿಮರದ್ದೇ ಗುಣ. ನಾಲ್ಕೈದು ವರ್ಷಕ್ಕೆ ಫಲ ಕಾಣತೊಡಗುತ್ತದೆ.

ಬೇರುಸಸಿಗೆ ಮುರುಗಲಿನ ಬೀಜವನ್ನೇ ಬಿತ್ತಬೇಕು. ಹಣ್ಣಿನಿಂದ ತೆಗೆದ ಬೀಜವನ್ನು ಬೂದಿಯಲ್ಲಿ ಉಜ್ಜಿ ಲೋಳೆ ತೊಳೆದು, ನೆರಳಿನಲ್ಲಿ ನೀರು ಆರಿಸಿ ಕೂಡಲೇ ಪಾಲಿಥೀನ್ ಚೀಲಗಳಲ್ಲಿ ಹಾಕಬೇಕು. ಈ ಸಸಿ ನಿಧಾನವಾಗಿ ಬೆಳೆಯುತ್ತದೆ. ಸುಮಾರು ಒಂದು ವರ್ಷ ಕಳೆದು ಕಾಂಡ ಸೀಸದಕಡ್ಡಿಯಷ್ಟು ದಪ್ಪವಾದ ಮೇಲೆ ಕಸಿಗೆ ತೆಗೆದುಕೊಳ್ಳಬಹುದು.

ಕಸಿಕೊಂಬೆಯ ಆಯ್ಕೆಯಲ್ಲಿ ಬಹಳ ಜನ ಎಡವುತ್ತಾರೆ. ಮುರುಗಲಿನಲ್ಲಿ ಚಿಗುರುಗಳು ಎರಡು ಬಗೆ. ಮರದ ನೆತ್ತಿಯಲ್ಲಿ ಮತ್ತು ಕಡಿದ ಕಾಂಡದ ಮೇಲೆ ನೆಟ್ಟಗೆ ಆಕಾಶಕ್ಕೆ ಏರುವ ಚಿಗುರು ಒಂದು ಬಗೆ. ಪಕ್ಕಕ್ಕೆ ಚಾಚಿ ಬಾಗುವ ಕೊಂಬೆ ಇನ್ನೊಂದು ಬಗೆ. ನೆಟ್ಟಗಿನ ಚಿಗುರಿನಿಂದ ಕಸಿ ಮಾಡಿದರೆ ಗಿಡ ಗೋಪುರದಂತೆ ಎತ್ತರಕ್ಕೆ ಬೆಳೆಯುತ್ತದೆ. ಬಾಗಿದ ಕೊಂಬೆಯಿಂದ ಮಾಡಿದರೆ ಗಿಡ ಎಂದೂ ನೆಟ್ಟಗಾಗದೆ ನೆಲಕ್ಕೆ ಹರಡಿಕೊಂಡು ಪೊದೆಯಾಗುತ್ತದೆ. ಕೆಳಗಿನ ಕೊಂಬೆ ಕೈಗೆ ಸುಲಭವಾಗಿ ಸಿಗುವುದರಿಂದ ಅದನ್ನೇ ಕತ್ತರಿಸುವವರು ಹೆಚ್ಚು. ಆಮೇಲೆ ಗಿಡ ಏಳುತ್ತಿಲ್ಲವೆಂದು ಸಸ್ಯಕ್ಷೇತ್ರದವರನ್ನು ದೂರುತ್ತಾರೆ. ಒಂದು ಮರದಲ್ಲಿ ನೆಟ್ಟಗಿನ ಚಿಗುರು ಸಿಗುವುದೇ ಕೆಲವು. ಹೆಚ್ಚು ಬೇಕಾದರೆ ತಾಯಿಮರದ ತಲೆಯನ್ನು ಒಂದು ಮಟ್ಟಕ್ಕೆ ಕತ್ತರಿಸಬೇಕು. ಕತ್ತರಿಸಿದ ಕಡೆ ಹೊಡೆಯುವ ಹೊಸ ಚಿಗುರುಗಳಲ್ಲಿ ನೆಟ್ಟಗಿನವು ದೊರೆಯುತ್ತವೆ.

ಹಾಗೆಂದು ಬಾಗಿದ ಕೊಂಬೆಯ ಕಸಿ ಪೂರ್ತಿ ವ್ಯರ್ಥವಲ್ಲ. ಅದಕ್ಕೂ ಹಣ್ಣು ಬಿಡುತ್ತದೆ. ಹಿತ್ತಲಿನಲ್ಲಿ ನಿಂತ ನೆಲದಿಂದಲೇ ಹಣ್ಣು ಕೊಯ್ಯುವಂತಿರಬೇಕು, ವಿದ್ಯುತ್ ತಂತಿಯ ಕೆಳಗೆ ಎತ್ತರ ಹೋಗಬಾರದು ಎನ್ನುವವರಿಗೆ ಇಂಥ ಗಿಡವೇ ಮೇಲು. ಮೊದಲ ಕೆಲವು ವರ್ಷ ಊರುಗೋಲು ಕೊಟ್ಟು, ನೆಲಕ್ಕೆ ತಾಗುವ ಕೊಂಬೆಗಳನ್ನು ತೆಗೆಯುತ್ತ ಬಂದರೆ ಅಗಲವಾದ ಕೊಡೆಯಂತೆ ನಿಲ್ಲುತ್ತದೆ. ಮುಖ್ಯವಾದ ಮಾತೆಂದರೆ ತನಗೆ ಯಾವುದು ಬೇಕೆಂದು ರೈತನಿಗೆ ತಿಳಿದಿರಬೇಕು, ಕೊಡುವವನು ಯಾವುದನ್ನು ಕೊಡುತ್ತಿದ್ದಾನೆಂದು ಹೇಳಬೇಕು.

ಆರಿಸಿದ ಕೊಂಬೆಯ ಎಲೆಗಳನ್ನು ಒಂದು ವಾರ ಮೊದಲೇ ತೊಟ್ಟು ಉಳಿಸಿ ಕತ್ತರಿಸಬೇಕು. ಮೊಗ್ಗು ಉಬ್ಬಿದಾಗ 10-12 ಸೆಂಟಿಮೀಟರ್ ಉದ್ದದ ತುದಿಯನ್ನು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಅಂದೇ ಕಸಿ ಮಾಡಬೇಕು. ಬೇರುಸಸಿಯ ತಲೆಯನ್ನು ಮೃದುವಾದ ಭಾಗದಲ್ಲಿ ಕತ್ತರಿಸಿ ನಡುವೆ 3-4 ಸೆಂಟಿಮೀಟರ್ ಸೀಳಿ, ಬೆಣೆಯಂತೆ ಎರಡೂ ಬದಿ ಕೆತ್ತಿದ ಕಸಿಕೊಂಬೆಯನ್ನು ಅದರಲ್ಲಿ ಕೂರಿಸಿ, ಪಾಲಿಥೀನ್ ಪಟ್ಟಿಯಿಂದ ಬಿಗಿಯಾಗಿ ಸುತ್ತಬೇಕು. ಎರಡೂ ಒಂದೇ ದಪ್ಪವಾಗಿದ್ದರೆ ಸಿಪ್ಪೆಗೆ ಸಿಪ್ಪೆ ಕೂಡುತ್ತದೆ. ಕಸಿಕೊಂಬೆ ಒಣಗದಂತೆ ಮೇಲೆ ಪಾಲಿಥೀನ್ ಕೊಳವೆಯ ಟೊಪ್ಪಿಗೆ ಹಾಕಿ ನೆರಳಿನಲ್ಲಿಡಬೇಕು. ಚಿಗುರೊಡೆದ ಮೇಲೆ ಟೊಪ್ಪಿಗೆ ತೆಗೆಯಬೇಕು. ಕಸಿಯ ಕೆಳಗೆ ಬೇರುಸಸಿ ಹೊಡೆಯುವ ಚಿಗುರನ್ನು ಕಂಡಾಗಲೆಲ್ಲ ಚಿವುಟಬೇಕು. ಇಲ್ಲವಾದರೆ ಅದೇ ಮೇಲೆದ್ದು ಮತ್ತೆ ಗಂಡೋ ಹೆಣ್ಣೋ ಎಂಬ ಹಳೆಯ ಪ್ರಶ್ನೆ ಎದುರಾಗುತ್ತದೆ.

ಈಗಾಗಲೇ ಬೆಳೆದು ಗಂಡೆಂದು ಗೊತ್ತಾದ ಎಳೆಯ ಮರವಿದ್ದರೆ ಅದನ್ನು ನೆಲದಿಂದ ಎರಡು ಮೂರು ಅಡಿ ಬಿಟ್ಟು ಕಡಿದು, ಬಂದ ಚಿಗುರಿನಲ್ಲಿ ಬಲವಾದ ಒಂದೆರಡಕ್ಕೆ ಹೆಣ್ಣು ಮರದ ಕಸಿ ಕಟ್ಟಬಹುದು. ಬೇರು ಆಗಲೇ ಆಳಕ್ಕೆ ಇಳಿದಿರುವುದರಿಂದ ಹೊಸ ಗಿಡಕ್ಕಿಂತ ಬೇಗ ಏಳುತ್ತದೆ.

ನೆಡುವುದು ಮತ್ತು ಆರೈಕೆ

ಸಾಲಾಗಿ ನೆಡುವುದಾದರೆ 6 ಮೀಟರ್ ಅಂತರ ಸಾಕು. ಎಕರೆಗೆ ಸುಮಾರು 110 ಗಿಡ ಹಿಡಿಯುತ್ತದೆ, ಅವುಗಳಲ್ಲಿ ಹತ್ತು ಹನ್ನೊಂದು ಗಂಡು ಗಿಡಗಳನ್ನು ಅಲ್ಲಲ್ಲಿ ಹಂಚಿ ನೆಡಬೇಕು. ಆದರೆ ಇದನ್ನು ಒಂದೇ ಬೆಳೆಯಾಗಿ ಎಕರೆಗಟ್ಟಲೆ ಹಾಕುವುದಕ್ಕಿಂತ ತೆಂಗಿನ ತೋಟದ ಅಂಚಿನಲ್ಲಿ, ಹಕ್ಕಲಿನ ಖಾಲಿ ಬಿದ್ದ ಕಡೆ, ಮನೆಯ ಸುತ್ತ ಹಾಕುವುದೇ ಸಣ್ಣ ಹಿಡುವಳಿದಾರರಿಗೆ ಸರಿಹೊಂದುತ್ತದೆ. ಮೇ ತಿಂಗಳಲ್ಲಿ 60 ಸೆಂಟಿಮೀಟರ್ ಉದ್ದ, ಅಗಲ, ಆಳದ ಗುಂಡಿ ತೋಡಿ ಮೇಲ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿಸಿಟ್ಟು, ಮಳೆ ಹಿಡಿದ ಮೇಲೆ ನೆಡಬೇಕು. ಕಸಿಗಂಟು ಮಣ್ಣಿನಿಂದ ಮೇಲಿರಬೇಕು.

ಮೊದಲ ಎರಡು ಬೇಸಿಗೆಗಳನ್ನು ದಾಟಿಸುವುದೇ ಕಷ್ಟದ ಕೆಲಸ. ಎಳೆಗಿಡ ಬಿರುಬಿಸಿಲನ್ನು ತಡೆಯದು. ತೆಂಗಿನ ಗರಿಯ ಮರೆ, ಬುಡಕ್ಕೆ ದರಕಿನ ಹೊದಿಕೆ, ವಾರಕ್ಕೆ ಒಂದೆರಡು ಸಲ ನೀರು ಬೇಕು. ಆಮೇಲೆ ಅದು ತನ್ನನ್ನು ತಾನು ನೋಡಿಕೊಳ್ಳುತ್ತದೆ. ಮೊದಲ ವರ್ಷ ಗಿಡಕ್ಕೆ 2 ಕಿಲೋಗ್ರಾಂ ಕೊಟ್ಟಿಗೆ ಗೊಬ್ಬರದೊಂದಿಗೆ 50 ಗ್ರಾಂ ಸಾರಜನಕ, 25 ಗ್ರಾಂ ರಂಜಕ, 25 ಗ್ರಾಂ ಪೊಟ್ಯಾಷ್ ಕೊಟ್ಟು, ವರ್ಷ ವರ್ಷ ಅಷ್ಟಷ್ಟೇ ಏರಿಸುತ್ತ ಹತ್ತನೆಯ ವರ್ಷಕ್ಕೆ ಅದರ ಹತ್ತರಷ್ಟಕ್ಕೆ ತರಬೇಕೆಂಬುದು ಕೊಂಕಣದಲ್ಲಿರುವ ಶಿಫಾರಸು. ಜೋರು ಮಳೆ ಇಳಿದ ಮೇಲೆ ಕೊಟ್ಟರೆ ಗೊಬ್ಬರ ತೊಳೆದು ಹೋಗುವುದಿಲ್ಲ. ರೋಗ ಕೀಟಗಳ ಬಾಧೆ ಕಡಿಮೆ. ಹಣ್ಣಿನ ಕಾಲದಲ್ಲಿ ಮಂಗಗಳ ಕಾಟಕ್ಕೆ ಮಾತ್ರ ಸುಲಭದ ಮದ್ದಿಲ್ಲ. ಮನೆಯ ಹತ್ತಿರದ ಮರಕ್ಕೆ ಅದೂ ಸ್ವಲ್ಪ ಕಡಿಮೆ.

ಕೊಯ್ಲು ಮತ್ತು ಬಳಕೆ

ಪೂರ್ತಿ ಬಣ್ಣ ಬಂದ ಹಣ್ಣನ್ನಷ್ಟೇ ಕೊಯ್ಯಬೇಕು. ಗಳುವಿನಿಂದ ಬಡಿದರೆ ತೆಳ್ಳನೆಯ ಕೊಂಬೆಗಳು ಮುರಿದು ಮುಂದಿನ ವರ್ಷದ ಫಸಲಿಗೆ ಹೊಡೆತ ಬೀಳುತ್ತದೆ. ಮರದ ಕೆಳಗೆ ಬಲೆ ಅಥವಾ ಹಳೆಯ ಸೀರೆ ಹಾಸಿ ಎರಡು ದಿನಕ್ಕೊಮ್ಮೆ ಆರಿಸುವುದು ಉತ್ತಮ.

ಈ ಎಚ್ಚರಿಕೆಗೆ ಹಿನ್ನೆಲೆ ಇದೆ. ಉಪ್ಪಾಗೆ ಮತ್ತು ಮುರುಗಲಿನ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವು ಬೊಜ್ಜು ಕರಗಿಸುತ್ತದೆಂಬ ಪ್ರಚಾರದಿಂದ 1990ರ ದಶಕದಲ್ಲಿ ವಿದೇಶಗಳಿಂದ ಉಪ್ಪಾಗೆಗೆ ದೊಡ್ಡ ಬೇಡಿಕೆ ಬಂದಿತು. ಉತ್ತರ ಕನ್ನಡದ ಕಾಡುಗಳಲ್ಲಿ ಒಬ್ಬರಿಗಿಂತ ಮೊದಲು ಇನ್ನೊಬ್ಬರು ಕೊಯ್ಯಬೇಕೆಂಬ ಅವಸರದಲ್ಲಿ ಬಲಿಯದ ಕಾಯಿಗಳನ್ನೇ ಉದುರಿಸಿದರು, ಕೊಂಬೆಗಳನ್ನೇ ಕಡಿದರು. ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಲು ಸುಟ್ಟ ಸೌದೆಯ ಲೆಕ್ಕ ಬೇರೆ. ಪೇಟೆ ಏರಿದಷ್ಟೇ ಬೇಗ ಇಳಿಯುವಂಥದ್ದು. ಔಷಧದ ಬೇಡಿಕೆಯನ್ನು ನೆಚ್ಚಿ ಮುರುಗಲು ನೆಡುವುದು ಜಾಣತನವಲ್ಲ. ಅಡುಗೆಮನೆ, ಪಾನಕ, ಬೀಜದ ಕೊಬ್ಬು ಇವು ಹೆಚ್ಚು ನಂಬಿಗಸ್ತ ಗಿರಾಕಿಗಳು.

ಹಣ್ಣಿನ ತೂಕದಲ್ಲಿ ಅರ್ಧದಷ್ಟು ಸಿಪ್ಪೆ. ಹಣ್ಣನ್ನು ಎರಡು ಹೋಳು ಮಾಡಿ ಬೀಜ, ತಿರುಳು ತೆಗೆದು, ಸಿಪ್ಪೆಯನ್ನು ಬಿಸಿಲಿಗೆ ಹಾಕುತ್ತಾರೆ. ತಿರುಳಿನ ರಸಕ್ಕೆ ಉಪ್ಪು ಸೇರಿಸಿ, ಒಣಗಿದ ಸಿಪ್ಪೆಯನ್ನು ದಿನಕ್ಕೊಮ್ಮೆ ಅದರಲ್ಲಿ ಅದ್ದಿ ಮತ್ತೆ ಒಣಗಿಸಿದರೆ ಬಣ್ಣವೂ ಹುಳಿಯೂ ಗಟ್ಟಿಯಾಗುತ್ತವೆ, ಬಾಳಿಕೆಯೂ ಹೆಚ್ಚು. ಪಾಲಿಥೀನ್ ಹಾಳೆಯ ಚಿಕ್ಕ ಸೌರ ಒಣಗೂಡು ಇದ್ದರೆ ಮೇ ತಿಂಗಳ ಅಡ್ಡಮಳೆಗೆ ಹೆದರಬೇಕಾಗಿಲ್ಲ. ಪಾನಕಕ್ಕೆ ಒಂದು ಪಾಲು ಹಸಿ ಸಿಪ್ಪೆಗೆ ಎರಡು ಪಾಲು ಸಕ್ಕರೆಯನ್ನು ಪದರ ಪದರವಾಗಿ ಭರಣಿಯಲ್ಲಿ ತುಂಬಿ ವಾರದವರೆಗೆ ಬಿಸಿಲಿನಲ್ಲಿಟ್ಟರೆ ಪಾಕ ತಾನೇ ಇಳಿಯುತ್ತದೆ. ಹುಳಿ ತೀಕ್ಷ್ಣವಾದ್ದರಿಂದ ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಪಾತ್ರೆಗಳು ಕೂಡದು. ಪಿಂಗಾಣಿ, ಗಾಜು ಇಲ್ಲವೆ ಸ್ಟೀಲ್ ಪಾತ್ರೆ ಬಳಸಬೇಕು.

ಬೀಜವನ್ನು ಬಿಸಾಡುವವರು ಇನ್ನೂ ಇದ್ದಾರೆ. ಒಣಗಿದ ಬೀಜದ ತೂಕದಲ್ಲಿ ಸುಮಾರು ಕಾಲುಭಾಗ ಕೊಬ್ಬಿದೆ. ಬೀಜ ಒಡೆದು ಒಳಗಿನ ತಿರುಳನ್ನು ಕುಟ್ಟಿ ನೀರಿನಲ್ಲಿ ಕುದಿಸಿ, ಮೇಲೆ ತೇಲುವ ಜಿಡ್ಡನ್ನು ತೆಗೆದು ಆರಿಸಿದರೆ ಬಿಳಿಯ ಗಟ್ಟಿ ಮುದ್ದೆಯಾಗುತ್ತದೆ. ಸಾಬೂನು, ಚರ್ಮಲೇಪಗಳ ಕಾರ್ಖಾನೆಗಳಿಗೆ ಇದು ಬೇಕು. ಐರೋಪ್ಯ ಒಕ್ಕೂಟವು 2000ರಲ್ಲಿ ಮಾಡಿದ ಚಾಕೊಲೇಟ್ ಕಾನೂನಿನಲ್ಲಿ ಕೋಕೋ ಬೆಣ್ಣೆಯ ಹೊರತಾಗಿ ಶೇಕಡ 5ರವರೆಗೆ ಸೇರಿಸಬಹುದೆಂದು ಹೆಸರಿಸಿದ ಆರು ಸಸ್ಯಜನ್ಯ ಕೊಬ್ಬುಗಳಲ್ಲಿ ಮುರುಗಲಿನದೂ ಒಂದು. ಬೀಜ ಚೆನ್ನಾಗಿ ಒಣಗದಿದ್ದರೆ ಕೊಬ್ಬು ಕಮಟು ವಾಸನೆ ಹಿಡಿಯುತ್ತದೆ. ಬಿತ್ತನೆಗೆ ಬೇಕಾದ ಬೀಜಕ್ಕೆ ಇದು ತದ್ವಿರುದ್ಧ. ಅದು ಒಣಗಿದರೆ ಹುಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆದುದರಿಂದ ಅಂಗಳದಲ್ಲಿ ಬೀಜ ಹರಡುವ ಮುನ್ನವೇ ಬೇರುಸಸಿಗೆ ಬೇಕಾದಷ್ಟನ್ನು ಬೇರೆ ತೆಗೆದು ಅದೇ ವಾರ ಚೀಲಗಳಲ್ಲಿ ಬಿತ್ತಿಬಿಡಬೇಕು.